ಶಮೀಮಳ ಚಪ್ಪಲಿ

ಈ ವರ್ಷ ಯಾರನ್ನೂ ಫೋನಿನಲ್ಲಿ ಮಾತಾಡಿಸಿ ಮುಗಿಸುವುದಿಲ್ಲ, ಮನೆಗೇ ಹೋಗುತ್ತೇನೆ ಎಂದು ಹಟ ತೊಟ್ಟು ತಿರುಗುತ್ತಿದ್ದೇನೆ. ಬೆಳಿಗ್ಗೆ ಸುರಪುರದ ರಂಗಂಪೇಟೆಯಲ್ಲಿರುವ ಗೆಳತಿ ಶಮೀಮಳ ಮನೆಯಿಂದ ಹೊರಟರೆ ಬಾಗಿಲಲ್ಲಿ ನನ್ನ ಚಪ್ಪಲಿಯೇ ಇಲ್ಲ. ಬಂದವರನ್ನು ಉಳಿಸಿಕೊಳ್ಳಲು ನಮ್ಮ ಕಡೆ ಚಪ್ಪಲಿ ಬಚ್ಚಿಡುತ್ತಾರೆ.

“ಕೊಡಂಗಿಲ್ಲ. ಇನ್ನೊಂದಿನ ಇರು,” ಎಂದಳು.

“ಶಹಾಪುರದಾಗ ಅಕ್ಕ ರೊಟ್ಟಿ ಬಡದು ಕಾಯಾಕತ್ತಾಳ.”

“ಹಂಗಾರ ಬರಿಗಾಲಾಗ ಹೋಗು!”

ನಾನೇನು ಕಮ್ಮಿಯೇ? ಅವಳ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಸ್ಸಿಗೆ ಓಡಿದೆ.

ಶಹಾಪುರದ ಬಸ್ ನಿಲ್ದಾಣದಲ್ಲಿ ಅಕ್ಕನ ಕಣ್ಣು ಮೊದಲು ಬಿದ್ದದ್ದು ನನ್ನ ಹಿಮ್ಮಡಿಗೆ ಟಪಟಪ ಬಡಿಯುತ್ತಿದ್ದ ಆ ದೊಡ್ಡ ಚಪ್ಪಲಿಯ ಮೇಲೆ. ನಡೆದದ್ದು ಹೇಳಿದೆ.

“ಸುರಪುರದ ಬಸ್ ನಿಂತದ ನೋಡು. ಕಂಡಕ್ಟರ್ ಕೈಯಾಗ ಕೊಟ್ಟು ಕಳಸಿಬಿಡು,” ಎಂದಳು ಅಕ್ಕ.

“ಕಳಸಂಗಿಲ್ಲ. ನಾನೇ ಹೋಗಿ ಕೊಡ್ತೀನಿ.”