ಸೋರೆಬುರುಡೆಗೆ ಹಾಕಿದ ಗಂಟು

ಹೋದ ವಾರ ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಸೊಸೆ ಒಂದು ಒಣಗಿದ ಸೋರೆಬುರುಡೆಯನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದುಕೊಂಡು ಇಳಿದು ಬಂದಳು. ಬುರುಡೆಯ ಮೈತುಂಬ ಹತ್ತಿಯ ಧೂಳು, ಅದರ ಕುತ್ತಿಗೆಗೆ ಒಂದು ಹಗ್ಗದ ತುಂಡು.

"ಇದನ್ನ ಹೊರಗ ಒಗೀಲೇನ್ರಿ, ಅತ್ತಿ?"

"ಒಗಿಯೂದಾದ್ರ ಅದರ ಸಂಗಾಟ ನನ್ನೂ ಒಗದಬಿಡವಾ," ಅಂದೆ.

ಬೇಸಿಗೆ ರಜೆಗೆಂದು ಕೊಲ್ಲಾಪುರದಿಂದ ಬಂದಿದ್ದ ಮೊಮ್ಮಗಳು ಗೌರಿ ಓಡಿ ಬಂದು ಬುರುಡೆಯನ್ನು ಕಸಿದುಕೊಂಡು ಅಲ್ಲಾಡಿಸಿದಳು. ಒಳಗೆ ಬೀಜಗಳು ಗಲಗಲ ಅಂದವು.

"ಆಯಿ, ಹೇ ಕಾಯ? ಏನಿದು, ಆಟಿಗಿ ಸಾಮಾನೇನು?"

ನಾನು ಅದನ್ನು ತೆಗೆದುಕೊಂಡು ಮೂಗಿಗೆ ಹಿಡಿದೆ. ಇಷ್ಟು ವರ್ಷಗಳ ಮೇಲೂ ಆ ಹಗ್ಗದಲ್ಲಿ ಬಾವಿಯ ಪಾಚಿಯ ವಾಸನೆ ಇತ್ತು. ಇರಲಿಕ್ಕಿಲ್ಲ ಅಂತ ನೀವು ಅನ್ನುತ್ತೀರಿ. ನನ್ನ ಮೂಗಿಗೆ ಬಂತು, ನಾನೇನು ಮಾಡಲಿ?

ನಾನು ಕಲಿತದ್ದು ಗಡಹಿಂಗ್ಲಜದ ಹತ್ತಿರದ ನಮ್ಮೂರ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ. ಬರೆಯಲು ಕೂತರೆ ನನ್ನ ಅಕ್ಷರಗಳು ಹೊಲಕ್ಕೆ ಬಿಟ್ಟ ಕುರಿಗಳ ಹಾಗೆ ಗೆರೆ ಬಿಟ್ಟು ಓಡುತ್ತವೆ. ಆದರೂ ಬರೆಯುತ್ತಿದ್ದೇನೆ. ಈ ವಾರದ ಸಂತೋಷ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ. ಹೇಳಿಕೊಳ್ಳಲು ಓಣಿಯ ಮಂದಿಯೆಲ್ಲ ಮುಗಿದರು, ಇನ್ನು ಉಳಿದವರು ನೀವೇ.

ಗೌರಿ ನನ್ನ ಮಗಳು ಶೈಲಾಳ ಮಗಳು. ಎಂಟು ವರ್ಷದವಳು. ಕೊಲ್ಲಾಪುರದಲ್ಲಿ ಅವಳನ್ನು ಈಜಲು ಹಚ್ಚಿದ್ದರು. ನೆಲಕ್ಕೆ ನೀಲಿ ಫರಶಿ ಹಾಕಿದ, ತಳ ಕಾಣುವ ಟ್ಯಾಂಕು. ಕೈಕಾಲು ಬಡಿಯುವುದನ್ನು ಕಲಿತರೂ, ಅಷ್ಟು ಚಂದದ ನೀರಿನಲ್ಲಿಯೂ ಹುಡುಗಿ ದಂಡೆಯ ಕಬ್ಬಿಣದ ಪೈಪು ಬಿಡಲಿಲ್ಲ. ಅವಳನ್ನು ನಮ್ಮಲ್ಲಿ ಬಿಟ್ಟು ಹೋಗುವಾಗ ಶೈಲಾ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು, "ಅವ್ವಾ, ಈಕಿ ಪೈಪ್ ಬಿಡವಲ್ಲಳು. ಕಲಸೂ ಮಾಸ್ತರೂ ಕೈ ಚೆಲ್ಲಿ ಕುಂತಾರ. ಸಾಕು, ರಜಾ ಮುಗಿದ ಮ್ಯಾಲೆ ಬಿಡಸೇ ಬಿಡ್ತೇನಿ."

"ಒಂದ ವಾರ ನನ್ನ ಕಡೆ ಬಿಡ. ಆಮ್ಯಾಲೆ ಬಿಡಸೂದೋ ಹಚ್ಚೂದೋ ನೋಡೂಣು," ಅಂದೆ.

ಅಂದದ್ದೇನೋ ಅಂದೆ, ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಬುರುಡೆ ಅಟ್ಟದಿಂದ ಇಳಿದು ಬಂದಾಗ ಗೊತ್ತಾಯಿತು. ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನಿಮಗೂ ಹೇಳುತ್ತೇನೆ.

ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಇಚಲಕರಂಜಿಯ ಶಹಾಪುರಕ್ಕೆ. ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಕರೆಂಟಿನ ಮಗ್ಗಗಳು ಶುರುವಾದವೆಂದರೆ ಅಡುಗೆಮನೆಯ ಬೋಗುಣಿಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು. ಮೊಸರಿನ ಕೆನೆಯ ಮೇಲೆ ಹತ್ತಿ, ನೆನೆಹಾಕಿದ ಬೇಳೆಯಲ್ಲಿ ಹತ್ತಿ, ತೊಟ್ಟಿಲ ಕೂಸಿನ ಹುಬ್ಬಿನ ಮೇಲೂ ಹತ್ತಿ. ನಳಕ್ಕೆ ಬಿಂದಿಗೆ ಹಚ್ಚಿ ಕೂತಿರುವಾಗಲೇ ಶೆಡ್ಡಿನಿಂದ ಕರೆ ಬರುತ್ತಿತ್ತು: ಎಳೆ ಹರಿದಿದೆ, ಬಾ. ಎಳೆ ಕಟ್ಟಿ ಬರುವಷ್ಟರಲ್ಲಿ ನಳ ಹೋಗಿರುತ್ತಿತ್ತು. ಆ ಸದ್ದಿನಲ್ಲಿ ಮಾತೆಲ್ಲ ಚೀರಿಯೇ ಆಡಬೇಕು. ನನ್ನ ಯಜಮಾನರು ಪ್ರೀತಿಯಿಂದ ಒಂದು ಕಪ್ ಚಹಾ ಕೇಳಿದರೂ ಹೊಸದಾಗಿ ಬಂದ ಬೀಗರು ಜಗಳವೆಂದೇ ತಿಳಿಯುತ್ತಿದ್ದರು. ತವರಿಗೆ ಹೋದರೂ ಆ ದನಿ ನನ್ನ ಜೊತೆಗೇ ಬರುತ್ತಿತ್ತು. "ಅಗ, ಯಾಕ ಹಿಂಗ ಒದರ್ತೀ? ನಾ ಇನ್ನೂ ಕಿವುಡಿ ಆಗಿಲ್ಲ," ಅನ್ನುತ್ತಿದ್ದಳು ನಮ್ಮವ್ವ.

ಆದರೆ ಒಂದು ವಿಷಯದಲ್ಲಿ ನನಗೆ ಜಂಬವಿತ್ತು. ಹರಿದ ಎಳೆಗೆ ಗಂಟು ಹಾಕುವುದರಲ್ಲಿ ಆ ಶೆಡ್ಡಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನೇಕಾರರ ಗಂಟೆಂದರೆ ಎಳ್ಳಿನಷ್ಟು. ಮಗ್ಗದ ಹಣಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳದೆ ಪಾರಾಗಬೇಕು, ಬಟ್ಟೆಯಲ್ಲಿ ಕಾಣಲೂ ಬಾರದು. ನಿದ್ದೆಗಣ್ಣಲ್ಲಿ ಎಬ್ಬಿಸಿ ಎರಡು ತುದಿ ಕೈಗೆ ಕೊಟ್ಟರೂ ನಾನು ಹಾಕುತ್ತಿದ್ದೆ. ಈಗಲೂ ಹಾಕುತ್ತೇನೆ. ಕೆಲವೊಮ್ಮೆ ಸೀರೆಯ ಸೆರಗಿಗೂ ಹಾಕಿಕೊಂಡು ಕೂತಿರುತ್ತೇನೆ, ಯಾಕೆಂದು ಕೇಳಬೇಡಿ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ. ಮೂವರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದೆ. ನಮ್ಮ ಹೊಲದಲ್ಲಿ ಮೆಟ್ಟಿಲು ಕಟ್ಟಿದ ದೊಡ್ಡ ಬಾವಿಯಿದೆ. ಅಕ್ಕನ ಮಕ್ಕಳಿಗೆ ಈಜು ಕಲಿಸುವುದು ನಮ್ಮ ಕಡೆ ಸೋದರಮಾವನ ಕೆಲಸ. ನನ್ನ ತಮ್ಮ ಶಿವಪ್ಪ ನನ್ನ ಇಬ್ಬರು ಗಂಡುಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುತ್ತಿದ್ದ. ಶೈಲಾ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಆಡಿಸುತ್ತಿದ್ದಳು. ಅವಳಿಗೆ ಆಗ ಈಗಿನ ಗೌರಿಯ ವಯಸ್ಸು.

ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಒಲೆಯ ಮುಂದೆ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಬಿದ್ದಿರಲಿಲ್ಲ.

"ಅವ್ವಾ, ನನಗೂ ಕಲಸು ಅಂತ ಮಾಮಾಗ ಕೇಳಿದ್ನಿ. ಹುಡಿಗ್ಯಾರು ಈಸಿ ಏನ್ ಮಾಡೂದೈತಿ ಅಂದ. ನಿಮ್ಮವ್ವ ಬುರುಡಿ ಕಟ್ಟಿಕೊಂಡು ಬಾವಿ ಆಚೀ ಗ್ವಾಡಿ ಮುಟ್ಟಿ ಬರಲಿ, ಆಮ್ಯಾಲೆ ನಿನಗ ಕಲಸ್ತೇನಿ ಅಂದು ನಕ್ಕ."

ಆ ನಗು ನನಗೆ ಚುಚ್ಚಿತು ನೋಡಿ. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿದೆನೋ ಒಲೆಗೆ ಹಾಕಿದೆನೋ ನೆನಪಿಲ್ಲ. "ಇಳೀತಾಳಂತ ಹೇಳ ಹೋಗು," ಅಂದೆ.

ನಾನು ಅಲ್ಲಿಯವರೆಗೆ ಇಳಿದದ್ದು ಪಂಚಗಂಗೆಯ ಘಾಟಿನಲ್ಲಿ ಮೊಣಕಾಲ ನೀರಿನವರೆಗೆ, ಅದೂ ಬಟ್ಟೆ ಒಗೆಯಲು. ಬಾವಿಯನ್ನು ಬಗ್ಗಿ ನೋಡಿದರೆ ತಲೆ ತಿರುಗುತ್ತಿತ್ತು. ಆದರೆ ಮಾತು ಬಾಯಿಂದ ಹೊರಗೆ ಹೋಗಿಬಿಟ್ಟಿತ್ತು. ಗಂಡಸರು ಉಂಡು ಮಲಗುವ ಮಧ್ಯಾಹ್ನದ ಹೊತ್ತನ್ನು ಗೊತ್ತು ಮಾಡಿಕೊಂಡೆವು. ಅವ್ವ ದಂಡೆಯ ಮೇಲೆ ಶೇಂಗಾ ಸುಲಿಯುತ್ತ ಕಾವಲು ಕೂರುವುದು, ಯಾರಾದರೂ ಬಂದರೆ ಕೆಮ್ಮುವುದು. ಶಿವಪ್ಪ ಬೆಪ್ಪಾಗಿ ತಲೆ ಕೆರೆದುಕೊಳ್ಳುತ್ತ ನೀರಿಗೆ ಇಳಿದ.

ಮೊದಲ ದಿನ ಸೀರೆಯೊಳಗೆ ಗಾಳಿ ಹೊಕ್ಕು ಬಲೂನಿನಂತೆ ಉಬ್ಬಿತು. ನಾನು ಇದ್ದಲ್ಲೇ ಗಿರಗಿರ ತಿರುಗಿದೆ.

"ನೀ ಈಸಾಕತ್ತೀಯೋ, ಜ್ವಾಳಾ ಬೀಸಾಕತ್ತೀಯೋ?" ಅವ್ವ ಮೇಲಿನಿಂದ ಕೇಳಿದಳು. "ಪ್ಯಾಟಿ ಸೀರಿ ಬಿಚ್ಚಿ ಒಗಿ. ನಂದು ಉಟ್ಟು ಕಚ್ಚಿ ಹಾಕ."

ಅವ್ವನ ಸೀರೆ ಉಟ್ಟು ಗಟ್ಟಿಯಾಗಿ ಕಚ್ಚೆ ಹಾಕಿದ ಮೇಲೆ ಕಾಲುಗಳು ನನ್ನವಾದವು. ಆದರೂ ದಿನವೂ ಮೂಗಿನಿಂದ ನೀರು, ಕಿವಿಯಲ್ಲಿ ನೀರು. ರಾತ್ರಿ ತೋಳು ಎತ್ತಿ ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. "ಬಿಡಕ್ಕಾ, ನಾ ಚ್ಯಾಷ್ಟಿಗಿ ಅಂದಿದ್ನಿ. ಹುಡಿಗೀಗಿ ಒಂದ ಫ್ರಾಕ್ ಕೊಡಸ್ತೇನಿ," ಅಂದ ಶಿವಪ್ಪ. ಫ್ರಾಕಂತೆ! ಮರುದಿನ ಅವನಿಗಿಂತ ಮೊದಲೇ ಹೋಗಿ ನೀರಿನಲ್ಲಿ ನಿಂತೆ.

ಹಾಗೆ ನಿಂತಾಗಲೇ ಒಂದು ಸಂಗತಿ ಆಯಿತು. ತಲೆ ನೀರಿನೊಳಗೆ ಹೋದಾಗ ಒಮ್ಮೆಗೇ ಏನೂ ಕೇಳಿಸಲಿಲ್ಲ. ಮದುವೆಯಾದಾಗಿನಿಂದ ನನ್ನ ಕಿವಿಯಲ್ಲಿ ಖಟಕ್ ಖಟಕ್ ಎನ್ನುತ್ತಲೇ ಇದ್ದ ಮಗ್ಗ, ನಿದ್ದೆಯಲ್ಲಿಯೂ ನಿಲ್ಲದ ಮಗ್ಗ, ಅಲ್ಲಿ ನಿಂತುಹೋಗಿತ್ತು. ನಾನು ಉಸಿರು ಕಟ್ಟುವವರೆಗೆ ಒಳಗೇ ಇದ್ದು, ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದೆ. ಅಂದಿನಿಂದ ನೀರಿನ ಹೆದರಿಕೆ ಅರ್ಧ ಹೋಯಿತು. ಇಷ್ಟು ಒಳ್ಳೆಯದನ್ನು ಗಂಡುಹುಡುಗರಿಗಷ್ಟೇ ಯಾಕೆ ಕೊಡಬೇಕು ಎಂಬ ಸಿಟ್ಟೂ ಬಂತು.

ನಮ್ಮನ್ನು ಕರೆದೊಯ್ಯಲು ಯಜಮಾನರು ಬರುವ ದಿನ ಬಂದೇಬಿಟ್ಟಿತು. ಎದುರಿನ ಗೋಡೆ ಇನ್ನೂ ಮುಟ್ಟಿರಲಿಲ್ಲ. ಮುಂದಿನ ಬೇಸಿಗೆ ಅಂತ ಬಿಡುವ ಹಾಗಿರಲಿಲ್ಲ. ಅಷ್ಟರಲ್ಲಿ ಹುಡುಗಿ ದೊಡ್ಡವಳಾದಳು ಎಂದು ಯಾರಾದರೂ ಅಂದುಬಿಟ್ಟರೆ ಶೈಲಾಳಿಗೆ ಆ ಬಾವಿ ಕಡೆಯವರೆಗೂ ಮೆಟ್ಟಿಲವರೆಗೇ. ಬಸ್ಸು ಬರುವುದು ಸಂಜೆಗೆ ಎಂದುಕೊಂಡು ಮಧ್ಯಾಹ್ನವೇ ಇಳಿದೆವು. ಶಿವಪ್ಪ ಎಂದಿನಂತೆ ಬುರುಡೆಯ ಹಗ್ಗವನ್ನು ನನ್ನ ಸೊಂಟದ ಹಗ್ಗಕ್ಕೆ ಕಟ್ಟಲು ಬಂದ. ಅವನದು ಎತ್ತು ಕಟ್ಟುವ ಗಂಟು, ಮುಷ್ಟಿಯಷ್ಟಿತ್ತು, ದಿನವೂ ಪಕ್ಕೆಗೆ ಒತ್ತಿ ಕೆಂಪಗೆ ಮಾಡುತ್ತಿತ್ತು.

"ಸರಿ ಅತ್ಲಾಗ. ದಿನಾ ಗಂಟ ಹಾಕಾಕಿ ನಾನು. ನನಗ ಕಲಸ್ತೀಯೇನು?" ಅಂದೆ. ಚಕ್ಕನೆ ನನ್ನ ಗಂಟು ಹಾಕಿದೆ. ಚಿಕ್ಕದು, ಚೊಕ್ಕದು, ಕೈಗೂ ಸಿಗದಂಥದು. ಶಿವಪ್ಪನ ಮುಖ ನೋಡಿ ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ನನ್ನ ದಡ್ಡತನ ನೋಡಿ. ಮಗ್ಗದ ಮೇಲೆ ಎಳೆ ಯಾವಾಗಲೂ ಬಿಗಿಯಾಗಿರುತ್ತದೆ. ಆ ಬಿಗಿಯೇ ನಮ್ಮ ಗಂಟನ್ನು ಹಿಡಿದಿಡುವುದು. ನೀರಿನಲ್ಲಿ ಹಗ್ಗ ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲಾಗುತ್ತದೆ. ಸಡಿಲಾದರೆ ಅಂಥ ಗಂಟು ಎಷ್ಟು ಹೊತ್ತು ಇದ್ದೀತು?

ಕೈ ಹಾಕಿದೆ, ಕಾಲು ಬಡಿದೆ. ನಡುಬಾವಿ ದಾಟುವಾಗ ಬೆನ್ನು ಹಗುರಾಯಿತು. ಓಹೋ, ಈಜು ಬಂದರೆ ಹೀಗೇ ಹಗುರಾಗುತ್ತದೆಂದು ತಿಳಿದು ಇನ್ನೂ ಜೋರಾಗಿ ಬಡಿದೆ. ಅತ್ತ ದಂಡೆಯ ಮೇಲೆ ಅವ್ವ ಕೆಮ್ಮುತ್ತಿದ್ದಳಂತೆ. ಕೆಮ್ಮಿ ಕೆಮ್ಮಿ ಸಾಕಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳಂತೆ. ಬೆಳಗಿನ ಬಸ್ಸನ್ನೇ ಹಿಡಿದು ಬಂದ ಅಳಿಯ ಬಾವಿಯ ದಂಡೆಗೇ ಬಂದು ನಿಂತಿದ್ದರು. ನನ್ನ ಕಿವಿಯಲ್ಲಿ ನೀರು. ಯಾವ ಕೆಮ್ಮು ಕೇಳಬೇಕು?

ಅವರಿಗೆ ಮೊದಲು ಕಂಡದ್ದು ನಡುನೀರಿನಲ್ಲಿ ಒಂಟಿಯಾಗಿ ತೇಲುವ ಬುರುಡೆ.

"ಬುರುಡಿ ಹಿಡೀ! ಅಗ, ಬುರುಡಿ ಹಿಡೀ!"

ಮಗ್ಗದ ಸದ್ದನ್ನೂ ಮೀರಿಸುವ ದನಿ ಅದು, ನೀರಿನೊಳಗೂ ಕೇಳಿಸಿತು. ಅಷ್ಟರಲ್ಲಿ ನನ್ನ ಕೈಗೆ ಗೋಡೆಯ ಕಲ್ಲು ಸಿಕ್ಕಿತ್ತು. ತಿರುಗಿ ನೋಡುತ್ತೇನೆ, ಬುರುಡೆ ಅಲ್ಲಿ, ನಾನು ಇಲ್ಲಿ! ಆಗ ಹೆದರಿದೆ. ಎಲ್ಲ ಮುಗಿದ ಮೇಲೆ ಹೆದರಿ, ಗೋಡೆಯ ಬೇರು ಹಿಡಿದುಕೊಂಡು ಗಡಗಡ ನಡುಗಿದೆ. ಶಿವಪ್ಪ ಬಂದು ಕರೆದುಕೊಂಡು ಹೋದ.

ಮೆಟ್ಟಿಲ ಮೇಲೆ ಯಜಮಾನರು ನಿಂತಿದ್ದರು. ನಾನು ಕಚ್ಚೆ ಹಾಕಿಕೊಂಡು ನೀರು ಸುರಿಸುತ್ತ ಎದುರಿಗೆ. ಶೈಲಾ ನನ್ನ ಹಿಂದೆ ಅಡಗಿ ಒದ್ದೆ ಸೀರೆ ಹಿಡಿದಿದ್ದಳು.

"ಏನ ನಡಿಸೀರಿ ಇದು?"

"ಶೈಲಿಗೆ ಈಸು ಕಲಸಾಕತ್ತೇವ್ರಿ," ಅಂದೆ. ಹಲ್ಲು ಕಟಕಟ ಅನ್ನುತ್ತಿದ್ದವು.

ಅವರು ಬಗ್ಗಿ, ನನ್ನ ಸೊಂಟದಿಂದ ಇಳಿಬಿದ್ದಿದ್ದ ಹಗ್ಗದ ತುದಿಯನ್ನು ಹಿಡಿದು, ಬಟ್ಟೆಯಲ್ಲಿ ತಪ್ಪು ಹುಡುಕುವವರ ಹಾಗೆ ಕಣ್ಣ ಹತ್ತಿರ ತಂದು ನೋಡಿದರು. ಬಿಚ್ಚಿದ ಗಂಟಿನ ಮಡಿಕೆ ಅದರಲ್ಲಿ ಇನ್ನೂ ಇತ್ತು.

"ಇದು ನಮ್ಮ ಶೆಡ್ಡಿನ ಗಂಟ," ಅಂದರು. ಆಮೇಲೆ ನಗು ಶುರುವಾಯಿತು. ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು ಶಿವಪ್ಪನಿಗೆ ಹೇಳಿದರು, "ಹುಡಿಗೀನ ಇಳಸೋ ಮಾರಾಯಾ. ಆದ್ರ ಗಂಟ ನೀ ಹಾಕ. ನಮ್ಮ ಮನೀಯವರ ಕೈಯಾಗ ಕೊಡಬ್ಯಾಡ."

ಅವತ್ತು ಹೊರಡಬೇಕಾದವರು ಆ ವಾರವೆಲ್ಲ ಉಳಿದುಕೊಂಡರು. ಶೈಲಾ ಎತ್ತಿನ ಗಂಟು ಕಟ್ಟಿಕೊಂಡು ಈಜು ಕಲಿತಳು. ಹೊರಡುವಾಗ ಆ ಬುರುಡೆಯೂ ನಮ್ಮ ಜೊತೆಗೇ ಬಂತು.

ಇಷ್ಟನ್ನೂ ಗೌರಿ ಬಾಯಿ ತೆರೆದು ಕೇಳಿದಳು. ಕೇಳಿದ ಮೇಲೆ ಬುರುಡೆಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದಳು.

ಮಗ್ಗಕ್ಕೆ ರಜೆಯ ದಿನ ಎಲ್ಲರೂ ನನ್ನ ತವರೂರಿಗೆ ಹೋದೆವು. ಶೈಲಾಳೂ ಕೊಲ್ಲಾಪುರದಿಂದ ನೇರ ಅಲ್ಲಿಗೇ ಬಂದಳು. ಬಾವಿಯ ನೀರು ಈಗಲೂ ಹಸಿರು, ತಳ ಕಾಣುವುದಿಲ್ಲ. ಯಜಮಾನರು, ಈಗ ಅವರಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ, ಅವ್ವ ಕೂರುತ್ತಿದ್ದ ಜಾಗದಲ್ಲಿ ಶೇಂಗಾ ಹಿಡಿದುಕೊಂಡು ಕೂತರು. ಶಿವಪ್ಪ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಬುರುಡೆಗೆ ಹೊಸ ಹಗ್ಗ ತಂದಿದ್ದ.

"ತಾ ಕೂಸ ಇಲ್ಲಿ, ನಾ ಕಟ್ತೇನಿ."

ಗೌರಿ ಹಿಂದೆ ಸರಿದಳು. "ನಕೋ. ಈ ಅಜ್ಜಾಂದು ಬ್ಯಾಡ. ಆಯಿ, ನಿಂದು ಹಾಕ."

"ನಂದು ಯಾವುದ?"

"ಬಿಚ್ಚತೈತಲ್ಲ, ಅದು."

ಶಿವಪ್ಪ ನನ್ನ ಮುಖ ನೋಡಿದ. "ಅವ್ವಾ, ಬ್ಯಾಡ," ಅಂದಳು ಶೈಲಾ. ಗೌರಿ ಹಗ್ಗದ ಎರಡೂ ತುದಿಗಳನ್ನು ನನ್ನ ಕಡೆಗೆ ಚಾಚಿಯೇ ನಿಂತಿದ್ದಳು.

ನಾನು ಕಚ್ಚೆ ಹಾಕಿದೆ. ಈ ವಯಸ್ಸಿಗೆ, ಈ ದೇಹಕ್ಕೆ! ಮೊದಲು ನಾನೇ ನೀರಿಗೆ ಇಳಿದೆ. ಮಂಡಿಗಳು ಬೈದುಕೊಂಡವು, ಎದೆಗೆ ನೀರು ಬಂದ ಮೇಲೆ ಸುಮ್ಮನಾದವು. ಶೈಲಾಳನ್ನು ಎದುರಿನ ಗೋಡೆಗೆ ಕಳಿಸಿದೆ. ಗೌರಿಯನ್ನು ಹತ್ತಿರ ಕರೆದು, ಚಕ್ಕನೆ ಗಂಟು ಹಾಕಿ, ಅವಳ ಪಕ್ಕದಲ್ಲೇ ಕೈಯಳತೆಯಲ್ಲಿ ಈಜುತ್ತ ಹೊರಟೆ. ಒಳಗೆ ಬೀಜಗಳು ಗಲಗಲ ಅನ್ನುತ್ತಿದ್ದವು. ನಡುಬಾವಿಯ ಹತ್ತಿರ ಬರುವಾಗ ಆ ಸದ್ದು ನಮ್ಮಿಂದ ಹಿಂದೆ ಉಳಿಯಿತು. ನಾನು ತಿರುಗಿ ನೋಡಲಿಲ್ಲ. ಅವಳೂ ನೋಡಲಿಲ್ಲ. ಪುಟ್ಟ ಕೈಗಳು ನೀರು ಬಡಿಯುತ್ತಲೇ ಇದ್ದವು, ತಾಯಿಯ ಕೈ ಸಿಗುವವರೆಗೂ.

ಗೋಡೆ ಹಿಡಿದುಕೊಂಡ ಮೇಲೆ ನಾನು ತಿರುಗಿ ನೋಡಿದೆ. ಬುರುಡೆ ನಡುನೀರಿನಲ್ಲಿ ಒಂಟಿಯಾಗಿ ತೇಲುತ್ತಿತ್ತು. ದಂಡೆಯ ಮೇಲೆ ಕೂತಿದ್ದ ಯಜಮಾನರು ಅದನ್ನು ಕಂಡರು. ಈ ಸಲ ಕೂಗಲಿಲ್ಲ. ಇನ್ನೊಂದು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡರು.