ಅಣ್ಣ ಓದಿದ ಬಾವಿ

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಿತ್ತು. ಪೆನ್ಸಿಲ್ಲಿನ ಮಸಿ ಹತ್ತಿ ಅದರ ತುದಿ ಸದಾ ಕಪ್ಪು. ಬಾವಿಯ ಗ್ರಾಫ್ ಬಂದರೆ ಆ ಉದ್ದನೆಯ ಕಾಗದವನ್ನು ಆಫೀಸಿನ ನೆಲದ ಮೇಲೆ ಬಿಚ್ಚಿ, ಮಂಡಿಯೂರಿ, ಉಗುರಿನಿಂದ ಗೆರೆ ಹಿಡಿದು ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದರು. ಸಾಹೇಬರು ಬಂದು ನಿಂತರೂ ಏಳುತ್ತಿರಲಿಲ್ಲ.

ಅವರು ಬಾವಿ ತೋಡಿಯೇ ನೀರು ಕಾಣುವ ದೇವಲಾಪುರದ ಕಡೆಯವರು, ನಾನು ನಾಲೆ ಹರಿಯುವ ಪಾಂಡವಪುರದವನು. ಸಂಬಂಧವೇನಿಲ್ಲ. ಎಣ್ಣೆ ಹುಡುಕುವ ಕಂಪನಿಯೊಂದರಲ್ಲಿ, ಕನ್ನಡ ಕೇಳಿಸದ ದೂರದ ಊರಿನಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಕೊರೆದ ಬಾವಿಗೆ ಯಂತ್ರ ಇಳಿಸಿ ಭೂಮಿಯ ಪದರಗಳನ್ನು ಗೆರೆಗಳಾಗಿ ಕಾಗದಕ್ಕೆ ತರುವುದು ನನ್ನ ಪಾಲು. ಆ ಗೆರೆ ಓದಿ ಎಲ್ಲಿ ನೀರು, ಎಲ್ಲಿ ಎಣ್ಣೆ ಎಂದು ಹೇಳುವುದು ಅವರದು. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಎಣ್ಣೆ ತಡೆಯುತ್ತದೆ. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಮಿಕ್ಕಿದ್ದೆಲ್ಲ ಅಣ್ಣ ಹೇಳಿಕೊಟ್ಟದ್ದು.

"ನಾಲೆ ನೀರು ಕುಡ್ದು ಬೆಳ್ದೋನು ಕಣ್ಲಾ ನೀನು. ನೆಲದೊಳಗೇನದೆ ಅಂತ ನಿಮ್ಮಪ್ಪನೂ ಯೋಚ್ನೆ ಮಾಡಿರಕ್ಕಿಲ್ಲ" ಎಂದು ಛೇಡಿಸುತ್ತಿದ್ದರು. ಭಾನುವಾರ ಅದೇ ಬಾಯಲ್ಲಿ ಮನೆಗೆ ಕರೆಯುತ್ತಿದ್ದರು. ಅತ್ತಿಗೆ ನನಗೆಂದೇ ಒಂದು ಮುದ್ದೆ ಹೆಚ್ಚು ತೊಳಸುತ್ತಿದ್ದರು.

ಬಾವಿಗೆ ಕಬ್ಬಿಣದ ಕೊಳವೆ ಇಳಿಸಿದ ಮೇಲೆ, ಅಣ್ಣ ಎಣ್ಣೆ ಇದೆ ಎಂದ ಆಳದಲ್ಲಿ ಮದ್ದು ಸಿಡಿಸಿ, ಎಣ್ಣೆ ಒಳಬರುವಂತೆ ಕೊಳವೆಗೆ ತೂತು ಮಾಡಬೇಕು. ಆ ಜಾಗ ಹುಡುಕಲು ಹೊಸದೊಂದು ಗ್ರಾಫ್ ತೆಗೆದು, ಹಳೆಯದರ ಏರಿಳಿತಕ್ಕೆ ಹೊಂದಿಸುವವನು ನಾನು.

"ಅರಳಿಕಟ್ಟೆ ಕಂಡ್ತು ಅಂತ ಬಸ್ಸಿಳಿದ್ಬುಟ್ರೆ ನಮ್ಮೂರು ಆಗೋಯ್ತದೇನ್ಲಾ? ಮುಂದ್ಲೂರಲ್ಲೂ ಅರಳಿಕಟ್ಟೆ ಇರಲ್ವಾ?" ಎನ್ನುತ್ತಿದ್ದರು ಅಣ್ಣ. "ಕಟ್ಟೆ, ಸೇತುವೆ, ಇಸ್ಕೂಲು, ಮೂರೂ ಸಾಲಾಗಿ ಬಂದ್ರೆ ಇಳಿ."

ಒಂದು ಬಾವಿಗೆ ಹೀಗೆ ತೂತು ಮಾಡಬೇಕಿದ್ದ ದಿನವೇ ನನಗೆ ರಜೆ ಸಿಕ್ಕಿತ್ತು. ಸಂಜೆ ಊರಿನ ರೈಲು. ಒಂದು ಏರು ಹಳೆಯ ಗ್ರಾಫಿಗೆ ಚೆನ್ನಾಗಿ ಹೊಂದಿತು. ಉಳಿದೆರಡನ್ನು ನೋಡಲಿಲ್ಲ. ಮದ್ದು ಸಿಡಿಸಿ, ಕೈ ತೊಳೆದು, ರೈಲು ಹತ್ತಿದೆ.

ಹಿಂತಿರುಗುವ ಹೊತ್ತಿಗೆ ಬಾವಿಯಲ್ಲಿ ಬರೀ ನೀರು ಬಂದು, ಅದನ್ನು ಸಿಮೆಂಟು ಹಾಕಿ ಮುಚ್ಚಿದ್ದರು. ಎಣ್ಣೆ ಇದೆ ಎಂದು ಬರೆದುಕೊಟ್ಟಿದ್ದವರು ಅಣ್ಣ. ಬಾಗಿಲಲ್ಲೇ ನನ್ನನ್ನು ತಡೆದರು.

"ಮೂರೂ ಹೊಂದ್ಸಿದ್ದೇನ್ಲಾ?"

"ಹೊಂದ್ಸಿದ್ದೆ ಕಣಣ್ಣ."

"ಅಂಗಾದ್ರೆ ನಂದೇ ತಪ್ಪು ಬುಡು."

ಕಾಗದ ತೋರಿಸು ಎಂದು ಕೇಳಲಿಲ್ಲ. ನನ್ನ ಮಾತೇ ಅವರಿಗೆ ಸಾಕಾಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಎರಡೂ ಗ್ರಾಫ್ ತೆಗೆದು ಪಕ್ಕಪಕ್ಕ ಇಟ್ಟೆ. ನಾನು ನಂಬಿದ್ದ ಏರು ಬೇರೆಯೇ ಪದರದ್ದು. ತೂತು ಬಿದ್ದದ್ದು ಎಣ್ಣೆಯ ಕೆಳಗಿನ ನೀರಿಗೆ. ಕಾಗದವನ್ನು ಮೊದಲಿದ್ದಂತೆಯೇ ಸುತ್ತಿ ಕಪಾಟಿನಲ್ಲಿಟ್ಟೆ.

ಆಮೇಲೆ ಅಣ್ಣ ಒಬ್ಬರೇ ಕೂತು ಗ್ರಾಫ್ ಓದಿದ್ದನ್ನು ನಾನು ಕಾಣಲಿಲ್ಲ. ನಿನ್ನೆ ಮೊನ್ನೆ ಸೇರಿದ ಹುಡುಗಿಯನ್ನೂ ಕರೆದು, "ಇದು ಎಣ್ಣೆ ಅಂತೀಯೇನವ್ವಾ? ನೀನೂ ಒಸಿ ನೋಡು. ನನ್ ಕಣ್ಣು ನಂಬಂಗಿಲ್ಲ" ಎನ್ನುತ್ತಿದ್ದರು. ಕೆಲವು ತಿಂಗಳಿಗೆ ಅವರನ್ನು ಹಳೆಯ ಕಾಗದಪತ್ರಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ. ಅವರ ಜಾಗಕ್ಕೆ, ಸ್ವಲ್ಪ ಕಾಲದ ನಂತರ, ನಾನು ಬಂದೆ. ಸಿಹಿ ತಂದು ಮೊದಲು ನನ್ನ ಬಾಯಿಗಿಟ್ಟವರೂ ಅಣ್ಣನೇ.

ನಿವೃತ್ತಿಯಾಗಿ ಊರಿಗೆ ಮರಳಿದ್ದ ಅವರು ಹೋದ ತಿಂಗಳು ಕಾಯಿಲೆಯಿಂದ ತೀರಿಕೊಂಡರು. ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು ಬಂದ ಮೇಲೆ ಅತ್ತಿಗೆ ನನ್ನ ಪಕ್ಕ ಬಂದು ಕೂತರು.

"ಆ ಬಾವಿ ಇಸ್ಯ ಕೊನೆಗಂಟ ಬುಡ್ಲಿಲ್ಲ ಕಣಪ್ಪ ನಿಮ್ಮಣ್ಣ. 'ನಾನೇ ಎಡವ್ದೆ, ಅವನು ಅವನ ಕೆಲ್ಸ ಸರಿಯಾಗೇ ಮಾಡಿದ್ದ' ಅನ್ನೋರು."

ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಅಂಗಳದ ಕಡೆ ನೋಡುತ್ತಾ ಕೇಳಿದರು:

"ಸಂಕ್ರಾಂತಿಗೆ ಬಂದಿದ್ದಲ್ಲಪ್ಪಾ ನೀನು. ಅವತ್ತಿನ್ನೂ ಎದ್ದು ಕೂತ್ಕತಿದ್ರಲ್ಲ ಅವ್ರು?"

ಹೌದು. ಅವತ್ತು ಎರಡು ಗಂಟೆ ಅವರ ಪಕ್ಕದಲ್ಲೇ ಕೂತಿದ್ದೆ. ಮಳೆ ಬೆಳೆ ಮಾತಾಡಿ ಎದ್ದು ಬಂದೆ.