ಹೊಂಗೆಕೊಪ್ಪಲಿನ ರಸ್ತೆಗೆ ವಾರಸುದಾರರು ಸಿಕ್ಕ ಬಗೆ

ಹಾಸನ ಜಿಲ್ಲೆಯಲ್ಲಿ ರಸ್ತೆ ಮಾಡಿಸಿದವರಿಗೇನೂ ಕೊರತೆಯಿಲ್ಲ. ಊರೂರಿನ ಬಾಗಿಲಲ್ಲಿ ಕರಿಕಲ್ಲಿನ ಮೇಲೆ ಅವರ ಹೆಸರುಗಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿವೆ. ಆದರೆ ಒಮ್ಮೆ ಆದ ರಸ್ತೆಯನ್ನು ಮಳೆಗಾಲದಿಂದ ಮಳೆಗಾಲಕ್ಕೆ ಕಾಪಾಡಿಕೊಂಡು ಬಂದವರು ಯಾರೆಂದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ವಿಚಾರಿಸಿದರೆ, ಯಾವ ಕಲ್ಲಿನ ಮೇಲೂ ಇಲ್ಲದ ಒಂದು ಹೆಸರನ್ನು ಜನ ಹೇಳುತ್ತಾರೆ. ಅದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಹುದ್ದೆಯಿಂದ ಈ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾಗುತ್ತಿರುವ ಯಶೋಧರಾ ಅವರ ಹೆಸರು. ಹೊಸ ರಸ್ತೆಗೆ ಗುದ್ದಲಿಪೂಜೆಯ ಸಂಭ್ರಮವಿದೆ, ಹಳೆಯ ರಸ್ತೆಯ ಗುಂಡಿ ಮುಚ್ಚುವುದಕ್ಕೆ ಯಾವ ಸಂಭ್ರಮವೂ ಇಲ್ಲ. ಆ ಸಂಭ್ರಮವಿಲ್ಲದ ಕೆಲಸವನ್ನೇ ಅವರು ಜೀವಮಾನವಿಡೀ ಪ್ರೀತಿಯಿಂದ ಮಾಡಿದರು.

ಯಶೋಧರಾ ಅವರು ಹುಟ್ಟಿದ್ದು ಹೊಳೆನರಸೀಪುರ ಮತ್ತು ಅರಕಲಗೂಡು ತಾಲ್ಲೂಕುಗಳ ಗಡಿಯಲ್ಲಿರುವ ಹೊಂಗೆಕೊಪ್ಪಲಿನಲ್ಲಿ. ಮಗಳಿಗೆ ಬುದ್ಧನ ಮಡದಿಯ ಹೆಸರಿಟ್ಟ ತಂದೆ ಚಲುವಯ್ಯನವರು ಡಾಂಬರು ಕೆಲಸಕ್ಕೆ ಕೂಲಿ ಹೋಗುತ್ತಿದ್ದರು. ಸಂಜೆ ಡಾಂಬರಿನ ವಾಸನೆ ಹೊತ್ತು ಬರುತ್ತಿದ್ದ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ ಹುಡುಗಿಗೆ ಕನಸಿನಲ್ಲಿ ರಸ್ತೆಗಳು ಬರುತ್ತಿದ್ದವಂತೆ. ಆ ರಸ್ತೆಗಳಿಗೆ ಅಂಚಿರಲಿಲ್ಲ. ಯಾವ ತಾಲ್ಲೂಕಿನವೆಂದು ಯಾರೂ ಕೇಳುತ್ತಿರಲಿಲ್ಲ. ಮಂಜಿನೊಳಗಿಂದ ಹೊರಟು, ಜೋಳದ ಹೊಲಗಳ ಮೇಲೆ ತೇಲಿಕೊಂಡು, ಹೇಮಾವತಿಯ ನೀರಿನ ಮೇಲೂ ನಿಲ್ಲದೆ ಅವು ಸುಮ್ಮನೆ ಹೋಗುತ್ತಲೇ ಇರುತ್ತಿದ್ದವು. ಕಿರಿಯ ಇಂಜಿನಿಯರಾಗಿ ಚನ್ನರಾಯಪಟ್ಟಣದಲ್ಲಿ ಸೇವೆಗೆ ಸೇರಿದ ಮೇಲೂ ಈ ಕನಸು ಅವರನ್ನು ಬಿಡಲಿಲ್ಲ. ಚಳಿಗಾಲದ ಮುಂಜಾನೆ ಶಾಂತಿಗ್ರಾಮದ ಕಡೆಗೆ ಜೀಪಿನಲ್ಲಿ ಹೊರಟರೆ ಹೊರಗೆ ಮಂಜು ಬಿಟ್ಟು ಬೇರೇನೂ ಕಾಣದು. ಮೇಡಂ ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆಂದು ಚಾಲಕ ಸ್ವಲ್ಪ ಜೋರಾಗಿ ಹೊಡೆದರೆ, "ನಿಧಾನ ಕಣಪ್ಪ, ಹಾಲಿನ ಡೈರಿ ಬಂತು" ಎನ್ನುತ್ತಿದ್ದರು.

ಕೊರವಂಗಲದ ಬಳಿ ಡಾಂಬರೀಕರಣ ನಡೆದಾಗಿನ ಒಂದು ಸಂಗತಿಯನ್ನು ಇಲ್ಲಿ ನೆನೆಯಲೇಬೇಕು. ಏಪ್ರಿಲ್ ಬಿಸಿಲು, ಕುದಿಯುವ ಡಾಂಬರು, ಕಾಲಿಗೆ ಗೋಣಿತಾಟು ಸುತ್ತಿಕೊಂಡು ಜಲ್ಲಿ ಹೊರುವ ಹೆಂಗಸರು. ಅಪ್ಪನ ಅಂಗಾಲುಗಳನ್ನು ಕಂಡಿದ್ದ ಮಗಳಿಗೆ ಅದನ್ನು ನೋಡಿಕೊಂಡು ಕೊಡೆಯಡಿ ನಿಲ್ಲಲಾಗಲಿಲ್ಲ. ಕೆಲಸ ನಸುಕಿಗೇ ಶುರುವಾಗಿ ಬಿಸಿಲೇರುವ ಮೊದಲು ನಿಲ್ಲಬೇಕು, ಎಲ್ಲರ ಕಾಲಿಗೂ ದಪ್ಪನೆಯ ಬೂಟು ಬರಬೇಕು ಎಂದು ಹಟ ಹಿಡಿದು ಕುಳಿತರು. ಗುತ್ತಿಗೆದಾರ ಗೊಣಗಿದ, ಮೇಲಿನವರಿಗೆ ದೂರು ಕೊಟ್ಟ, ಕೊನೆಗೆ ಬೂಟು ತಂದ. ಹಾಗೆಯೇ, ಎಳೆಗೂಸಿನ ತಾಯಿಯಾಗಿ ಇಲಾಖೆಗೆ ಬಂದ ರೂಪಶ್ರೀ ಎಂಬ ಕಿರಿಯ ಇಂಜಿನಿಯರಿಗೆ ದೂರದ ಹಳ್ಳಿಗಳು ಹಂಚಿಕೆಯಾದಾಗ, ಆ ಹಳ್ಳಿಗಳನ್ನು ತಾವೇ ವಹಿಸಿಕೊಂಡರು. "ನಂಗೆ ಆ ಕಡೆ ದಾರಿ ಇಷ್ಟ ಕಣಮ್ಮ" ಎಂದರೇ ಹೊರತು ಉಪಕಾರದ ಮಾತೇ ಎತ್ತಲಿಲ್ಲ. ಆ ಕೂಸು ಈಗ ಕಾಲೇಜಿಗೆ ಹೋಗುತ್ತಿದೆ.

ಇನ್ನು ಅವರ ಸೇವೆಯನ್ನೇ ಒರೆಗೆ ಹಚ್ಚಿದ ಹೊಂಗೆಕೊಪ್ಪಲಿನ ರಸ್ತೆಯ ಪ್ರಸಂಗ. ಹಳ್ಳಿಯ ರಸ್ತೆಗಳನ್ನು ನೋಡಿಕೊಳ್ಳಬೇಕಾದದ್ದು ಜಿಲ್ಲಾ ಪಂಚಾಯಿತಿ, ಅಂದರೆ ಮೇಡಂ ಅವರ ವಿಭಾಗ; ಜಿಲ್ಲಾ ಮುಖ್ಯ ರಸ್ತೆಗಳನ್ನು ನೋಡಿಕೊಳ್ಳಬೇಕಾದದ್ದು ರಾಜ್ಯದ ಲೋಕೋಪಯೋಗಿ ಇಲಾಖೆ. ಎರಡು ತಾಲ್ಲೂಕುಗಳನ್ನು ಕೂಡಿಸುವ ಈ ಹಳ್ಳಿರಸ್ತೆಯನ್ನು ಸರ್ಕಾರ ಒಂದು ಶುಭದಿನ ಜಿಲ್ಲಾ ಮುಖ್ಯ ರಸ್ತೆಯ ದರ್ಜೆಗೆ ಏರಿಸಿತು. ಊರಿನವರು ಪಟಾಕಿ ಹೊಡೆದರು. ಪಂಚಾಯಿತಿ ತನ್ನ ಲೆಕ್ಕದಿಂದ ರಸ್ತೆಯನ್ನು ಕೈಬಿಟ್ಟಿತು. ರಾಜ್ಯದವರು, "ಸುಸ್ಥಿತಿಯಲ್ಲಿ ಹಸ್ತಾಂತರಿಸಿದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಮೊದಲು ರಿಪೇರಿ ಮಾಡಿಸಿ ಕೊಡಿ" ಎಂದರು. ಪಂಚಾಯಿತಿಯವರು, "ನಮ್ಮದಲ್ಲದ ರಸ್ತೆಗೆ ನಮ್ಮ ಅನುದಾನ ಹಾಕಿದರೆ ಆಡಿಟ್‌ನವರು ನಮ್ಮನ್ನು ಬಿಡುತ್ತಾರೆಯೇ?" ಎಂದರು. ಇಬ್ಬರೂ ನಿಯಮದ ಪ್ರಕಾರವೇ ಮಾತನಾಡುತ್ತಿದ್ದರು, ಅದೇ ದೊಡ್ಡ ತೊಂದರೆ. ಗಂಡನ ಮನೆಯವರೂ ತವರಿನವರೂ ಒಳಗೆ ಕರೆಯದ ಹೆಣ್ಣಿನ ಹಾಗೆ ರಸ್ತೆ ಬಯಲಲ್ಲಿ ಬಿದ್ದುಕೊಂಡು ಸವೆಯಿತು. ಅದರ ನಡುವೆ ಹಳ್ಳ ದಾಟಿಸುವ ಮೋರಿಯ ಎಡ ಅಂಚು ಒಡೆದ ಮೇಲೆ ಹೊಳೆನರಸೀಪುರದ ಬಸ್ಸು ಅಲ್ಲಿಂದಲೇ ಹಿಂದಕ್ಕೆ ತಿರುಗತೊಡಗಿತು. ಊರಿನ ಮಕ್ಕಳು, ಬಸುರಿಯರು, ಮುದುಕರು ಮೋರಿಯಿಂದ ಊರಿಗೆ ಎರಡು ಮೈಲಿ ನಡೆಯಬೇಕಾಯಿತು.

ನಡೆಯುವವರಲ್ಲಿ ಯಶೋಧರಾ ಅವರ ತಾಯಿ ಮಲ್ಲಿಗಮ್ಮನವರೂ ಒಬ್ಬರು. ಊರಿನಲ್ಲಿ ಮಗ ಕೀರ್ತಿರಾಜನ ಸಂಸಾರದೊಂದಿಗಿದ್ದ ಅವರು ತಿಂಗಳಿಗೊಮ್ಮೆಯಾದರೂ ಹಾಸನಕ್ಕೆ ಬಂದು ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುವವರು. "ಊರ್ಗೆಲ್ಲ ರಸ್ತೆ ಮಾಡಿಸ್ತೀಯ, ಎತ್ತವ್ಳು ಮಾತ್ರ ಕಲ್ಲಿನ್ಮೇಲೆ ನಡೀಬೇಕು ಅಲ್ವಾ?" ಎಂದು ಬಾಗಿಲಲ್ಲೇ ಕಾಲು ತೊಳೆಯುತ್ತಾ ಚುಚ್ಚುವುದು ಅವರ ಪದ್ಧತಿ. ಸ್ವಂತ ಊರಿನ ಕೆಲಸ ಮೊದಲು ಮಾಡಿಸಿಕೊಂಡಳೆಂಬ ಮಾತು ಬರಬಾರದೆಂದು ಮಗಳು ಹೊಂಗೆಕೊಪ್ಪಲನ್ನು ಸದಾ ಹಿಂದಕ್ಕಿಟ್ಟಿದ್ದರು. ಈ ಬಿಗುಮಾನ ಸರಿಯೋ ತಪ್ಪೋ ಅವರಿಗೇ ತಿಳಿಯದು. ಅಮ್ಮನ ಅಂಗಾಲು ನೋಡಿದಾಗಲೆಲ್ಲ ತಪ್ಪೆಂದೇ ಅನಿಸುತ್ತಿತ್ತು.

ಕಾಗದಗಳು ಅತ್ತಿಂದಿತ್ತ ಓಡಾಡಿ ಬೇಸತ್ತ ಮೇಲೆ ಯಶೋಧರಾ ಅವರು ತಮ್ಮ ಹಳೆಯ ಉಪಾಯಕ್ಕೆ ಕೈಹಾಕಿದರು. ಯಾವ ರಸ್ತೆಯ ಜಗಳವೋ ಆ ರಸ್ತೆಯ ಮೇಲೆಯೇ ಕುರ್ಚಿ ಹಾಕಿಸಿ ಸಭೆ ಕರೆಯುವುದು ಅವರ ರೂಢಿ. ಗುಂಡಿಯ ಪಕ್ಕದಲ್ಲಿ ಕುಳಿತವರು ಗುಂಡಿಯನ್ನು ಅಲ್ಲಗಳೆಯಲಾರರೆಂಬುದು ಅವರ ನಂಬಿಕೆ. ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್ ನಟರಾಜ ಅವರು ಕಟ್ಟುನಿಟ್ಟಿನವರು, ಆದರೆ ಒಪ್ಪಿದರು. ರಸ್ತೆಯ ನಿಜಸ್ಥಿತಿ ಅವರ ಕಣ್ಣಿಗೆ ಬಿದ್ದರೆ ಇದ್ದ ಹಾಗೆಯೇ ತೆಗೆದುಕೊಳ್ಳಲು ಮನಸ್ಸು ಮಾಡಿಯಾರೆಂದು ಮೇಡಂ ಆಸೆಪಟ್ಟಿದ್ದರು. ಸಭೆಯ ವಿಷಯವನ್ನು ತಮ್ಮನಿಗೆ ಫೋನಿನಲ್ಲಿ ಹೇಳಿ, ಕುರ್ಚಿಗಳಿಗೆ ವ್ಯವಸ್ಥೆ ಮಾಡೆಂದರು.

ಆ ಬೆಳಗ್ಗೆ ಹೊಂಗೆಯ ಮರಗಳ ನಡುವೆ ಮಂಜು ಇನ್ನೂ ಚದುರಿರಲಿಲ್ಲ. ರೂಪಶ್ರೀಯೊಂದಿಗೆ ಜೀಪಿನಿಂದಿಳಿದ ಮೇಡಂ ಒಂದು ಕ್ಷಣ ತಾವು ಎಚ್ಚರವಾಗಿದ್ದೇವೆಯೇ ಎಂದು ಅನುಮಾನಪಟ್ಟರು. ಕಣ್ಣೆದುರಿಗೆ ಗುಂಡಿಯಿಲ್ಲದ, ಕಪ್ಪನೆ ನಯವಾದ ರಸ್ತೆಯೊಂದು ಮಂಜಿನೊಳಗೆ ಕರಗಿ ಹೋಗುತ್ತಿತ್ತು. ಎರಡೂ ಬದಿಗೆ ರಂಗೋಲಿ, ಮೋರಿಯ ಮೇಲೆ ಮಾವಿನ ತೋರಣ, ತೋರಣದಡಿ ಹೊಸ ಸೀರೆಯುಟ್ಟು ಆರತಿ ತಟ್ಟೆ ಹಿಡಿದ ಅಮ್ಮ. ಎಷ್ಟೋ ವರ್ಷ ನಿದ್ದೆಯಲ್ಲಿ ಕಂಡ ರಸ್ತೆ ಹಗಲಿಗೆ ಬಂದು ಮಲಗಿದಂತಿತ್ತು. ಸುಖದಿಂದ ಅವರ ಎದೆ ತುಂಬಿ ಬಂತು. ಆಮೇಲೆ ಮೋರಿಯ ಎಡ ಅಂಚಿನಲ್ಲಿ ಚಪ್ಪಲಿಯ ಹಿಮ್ಮಡಿ ಊರಿದರು. ಮೆತ್ತಗೆ ಒಳಗೆ ಹೋಯಿತು.

"ಏನೋ ಇದು, ಕೀರ್ತಿ?"

"ಪಕ್ಕದ್ ರಸ್ತೆ ಕೆಲ್ಸದಲ್ಲಿ ಡಾಂಬ್ರು ಮಿಕ್ಕಿತ್ತು ಕಣಕ್ಕ, ಮೇಸ್ತ್ರಿನ ಕೇಳಿ ಟ್ರ್ಯಾಕ್ಟರ್‌ನಾಗೆ ತಂದೊ. ಊರೋರೆಲ್ಲ ಸೇರಿ ನೆನ್ನೆ ಮಣ್ಣು ತುಂಬಿ ಮ್ಯಾಲೆ ಅಚ್ಚಿದ್ದೀವಿ," ಎಂದ ತಮ್ಮ. ಅವನ ಮುಖ ಹಿಗ್ಗಿನಿಂದ ಅರಳಿತ್ತು. "ನೆಂಟ್ರು ಬತ್ತಾವ್ರೆ ಅಂದ್ಮೇಲೆ ಅಂಗ್ಳ ಸಾರಿಸ್ದೆ ಇರಾಕಾಯ್ತದಾ? ನಮ್ಮೂರ ಮಗಳು ಕರ್ಕೊಂಬತ್ತಾವ್ಳೆ, ಗುಂಡಿ ತೋರ್ಸಾದಾ ಅವ್ರಿಗೆ?"

ಗುಂಡಿ ತೋರಿಸುವುದಕ್ಕೇ ಅವರನ್ನು ಕರೆಸಿದ್ದೆಂದು ಹೇಳಲು ಹೊತ್ತಿರಲಿಲ್ಲ. ನಟರಾಜ ಅವರ ಕಾರು ಬಂದೇ ಬಿಟ್ಟಿತು. ಅವರು ಆರತಿ ಮಾಡಿಸಿಕೊಂಡರು, ರಸ್ತೆಯ ಉದ್ದಕ್ಕೆ ಕಣ್ಣು ಹಾಯಿಸಿದರು, ಎಂದೂ ನಗದವರು ನಕ್ಕರು. "ಅಂತೂ ರಿಪೇರಿ ಮಾಡಿಸಿಯೇಬಿಟ್ಟಿರಲ್ಲ ಮೇಡಂ! ಸಂತೋಷ. ಇನ್ನು ನಮ್ಮ ತಕರಾರೇನಿಲ್ಲ. ನೀವು ಸುಸ್ಥಿತಿ ಅಂತ ಸಹಿ ಮಾಡಿ, ನಾನು ಇಲ್ಲೇ ತಗೊಂಡೆ ಅಂತ ಬರೀತೀನಿ" ಎಂದು ಪೆನ್ನು ತೆಗೆದರು.

ಒಂದು ಸಹಿ ಮಾಡಿದ್ದರೆ ಮುಗಿದಿತ್ತು. ರಸ್ತೆಗೆ ವಾರಸುದಾರರು ಸಿಗುತ್ತಿದ್ದರು, ಮರುವಾರವೇ ಬಸ್ಸು ಬರುತ್ತಿತ್ತು, ಅಮ್ಮನ ನಡಿಗೆ ತಪ್ಪುತ್ತಿತ್ತು. ಮುಂದೆ ಕಿತ್ತುಹೋದರೆ ರಾಜ್ಯದವರೇ ನೋಡಿಕೊಳ್ಳುತ್ತಿದ್ದರು. ಎಂಥವರಿಗೂ ಆಸೆಯಾಗುವ ಗಳಿಗೆ ಅದು, ಯಶೋಧರಾ ಅವರಿಗೂ ಆಯಿತು. ಅವರ ಕೈ ಪೆನ್ನಿನ ಕಡೆಗೆ ಚಾಚಿದ್ದನ್ನು ರೂಪಶ್ರೀ ನೋಡಿದ್ದಾರೆ. ಆದರೆ ಬಸ್ಸಿನ ಎಡಗಾಲಿ ಬರುವುದು ಮೋರಿಯ ಆ ಮೆತ್ತನೆಯ ಅಂಚಿನ ಮೇಲೆಯೇ. ಬಸ್ಸಿನ ತುಂಬ ಸ್ಕೂಲು ಮಕ್ಕಳಿರುತ್ತಾರೆ.

"ಸಾರ್, ಇದನ್ನ ಇಲಾಖೆ ಮಾಡಿಸಿಲ್ಲ. ನೀವು ಬರ್ತೀರಿ ಅಂತ ನಮ್ಮೂರಿನವರು ನಿನ್ನೆ ಮಾಡಿದ್ದು. ಕೆಳಗೆ ಬರೀ ಮಣ್ಣಿದೆ, ಮೋರಿ ಒಡೆದೇ ಇದೆ. ಸುಸ್ಥಿತಿ ಅಂತ ನಾನು ಬರೆಯಲಾರೆ," ಎಂದರು ಮೇಡಂ.

ನಟರಾಜ ಅವರ ನಗು ಆರಿತು. ಪೆನ್ನು ಜೇಬಿಗೆ ಹೋಯಿತು. ಊರಿನವರು ಇಟ್ಟಿದ್ದ ಅಕ್ಕಿರೊಟ್ಟಿಯನ್ನು ಮರ್ಯಾದೆಗೆ ಮುರಿದು, ಕೈತೊಳೆದು, ಹಸ್ತಾಂತರ ಸಾಧ್ಯವಿಲ್ಲವೆಂದು ಬರೆದು ಹೊರಟುಹೋದರು. ಕೀರ್ತಿರಾಜ ಅಕ್ಕನ ಮುಖ ನೋಡದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ. ಮಲ್ಲಿಗಮ್ಮನವರು ಆರತಿ ತಟ್ಟೆಯನ್ನು ಮೋರಿಯ ಮೇಲೆ ಕುಕ್ಕಿದರು.

"ಬರಕೊಡ್ತಿದ್ರಲ್ಲವ್ವಾ ಅವ್ರು! ನಿನ್ ಬಾಯಿಗೇನ್ ಬಂದಿತ್ತು? ಇನ್ ನಿನ್ ಮನೆ ಮೆಟ್ಲು ತುಳಿಯಾಕಿಲ್ಲ, ಓಗು."

ಹೇಳಿದಂತೆಯೇ ನಡೆದುಕೊಂಡರು ಕೂಡ. ಹಾಸನದ ಮನೆಗೆ ಬರಲಿಲ್ಲ, ಫೋನು ಮಾಡಿದರೆ ಸೊಸೆಯ ಕೈಗೆ ಕೊಟ್ಟರು. ಮಗಳು ಊರಿಗೆ ಹೋದರೆ ಹಿತ್ತಿಲಿಗೆ ಎದ್ದು ಹೋದರು. ಆ ದಿನಗಳಲ್ಲಿ ಮೇಡಂ ಅವರ ಹಳೆಯ ಕನಸು ಬೇರೆ ರೂಪದಲ್ಲಿ ಬರುತ್ತಿತ್ತಂತೆ. ಮಂಜಿನ ಮೇಲೆ ಸದ್ದಿಲ್ಲದೆ ಬಸ್ಸೊಂದು ಹೋಗುತ್ತಿದೆ, ಕಿಟಕಿಯಲ್ಲಿ ಅಮ್ಮ ಕುಳಿತಿದ್ದಾರೆ, ಕೂಗಿದರೆ ಈ ಕಡೆ ತಿರುಗುತ್ತಿಲ್ಲ. ಕಚೇರಿಯಲ್ಲಿ ಎಂದಿನಂತೆ ಕೆಲಸ ಮಾಡುತ್ತಿದ್ದ ಅವರು ಇಷ್ಟು ನೊಂದಿದ್ದಾರೆಂದು ಯಾರಿಗೂ ಗೊತ್ತಾಗಲಿಲ್ಲ.

ಮುಂಗಾರಿನ ಮೊದಲ ಜೋರು ಮಳೆಗೆ ಡಾಂಬರಿನ ಹೊದಿಕೆ ಕಿತ್ತು ಹೊಲಕ್ಕೆ ಹೋಯಿತು. ಮೋರಿಯ ಎಡಭಾಗ ಹಳ್ಳಕ್ಕೆ ಕುಸಿಯಿತು. ಪುಣ್ಯಕ್ಕೆ ಅದರ ಮೇಲೆ ಯಾರೂ ಇರಲಿಲ್ಲ. ಸುದ್ದಿ ಕೇಳಿ ನಟರಾಜ ಅವರು ತಾವೇ ಬಂದು, ಕೊಡೆ ಹಿಡಿದುಕೊಂಡು ಬಹಳ ಹೊತ್ತು ಅಲ್ಲಿ ನಿಂತಿದ್ದರೆಂದು ಊರಿನವರು ಹೇಳುತ್ತಾರೆ. ಅಲ್ಲಿಂದಲೇ ಮೇಡಂಗೆ ಫೋನು ಮಾಡಿದರು. "ಅವತ್ತು ನೀವು ಸಹಿ ಹಾಕಿದ್ದಿದ್ದರೆ ಬಸ್ಸು ಬಿಡಿಸ್ತಿದ್ದವನು ನಾನು, ಮೇಡಂ" ಎಂದರು. ಅಷ್ಟೇ ಹೇಳಿ ಇಟ್ಟುಬಿಟ್ಟರು. ಆದರೆ ಆ ನಂತರ ಅವರು ತಮ್ಮ ಇಲಾಖೆಯೊಂದಿಗೇ ಜಗಳಕ್ಕೆ ನಿಂತರು. ರಸ್ತೆಯನ್ನು ಇದ್ದ ಸ್ಥಿತಿಯಲ್ಲಿಯೇ ತೆಗೆದುಕೊಂಡು ರಾಜ್ಯವೇ ದುರಸ್ತಿ ಮಾಡಬೇಕೆಂದು ಬೆಂಗಳೂರಿಗೆ ಅಲೆದು, ಬೈಸಿಕೊಂಡು, ಮತ್ತೆ ಅಲೆದು, ಮುಂದಿನ ಬೇಸಿಗೆಯ ಹೊತ್ತಿಗೆ ಆದೇಶ ತಂದರು. ಹೊಸ ಮೋರಿ ಕಟ್ಟಿದರು, ರಸ್ತೆ ಗಟ್ಟಿಯಾಯಿತು, ಬಸ್ಸು ಊರೊಳಗೆ ಬಂತು. ಅಂದಿನಿಂದ ಆ ಭಾಗದ ಯಾವ ರಸ್ತೆಗೂ ಹಸ್ತಾಂತರದ ವ್ಯಾಜ್ಯ ಮೊದಲಿನಷ್ಟು ಉದ್ದ ಬೆಳೆದಿಲ್ಲ. ಯಶೋಧರಾ ಅವರು ಕೆಟ್ಟಿದೆ ಎಂದರೆ ಕೆಟ್ಟಿದೆ, ಸರಿಯಿದೆ ಎಂದರೆ ಸರಿಯಿದೆ ಎಂದು ರಾಜ್ಯದವರೂ ಒಪ್ಪಿಕೊಂಡಿದ್ದಾರೆ.

ಬಸ್ಸು ಬಂದ ವಾರವೇ ಒಂದು ಮಧ್ಯಾಹ್ನ ಮೇಡಂ ಹಾಸನದ ಮನೆಯಲ್ಲಿ ಊಟಕ್ಕೆ ಕೂರುವಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮಲ್ಲಿಗಮ್ಮನವರು, ಕಂಕುಳಲ್ಲಿ ಕೈಚೀಲ. ಒಂದು ವರ್ಷದ ಮೇಲೆ ಬಂದ ತಾಯಿ ಮಗಳನ್ನು ಹೊಗಳಲಿಲ್ಲ, ತಪ್ಪಾಯಿತೆನ್ನಲಿಲ್ಲ, ರಸ್ತೆಯ ಮಾತನ್ನೇ ಎತ್ತಲಿಲ್ಲ. ನಡುಮನೆಯಲ್ಲಿ ಗೋಡೆಗೊರಗಿ ಕುಳಿತು ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿದರು.

"ಒಂದ್ ವರ್ಸ ಜಾಸ್ತಿ ನಡೆಸ್ಬುಟ್ಟೆ ಕಣವ್ವ ನನ್ನ. ಒಸಿ ಎಳ್ಳೆಣ್ಣೆ ಬಿಸಿ ಮಾಡ್ಕೊಂಡ್ ಬಾ, ತಿಕ್ಕು."

ಮಗಳು ಎಣ್ಣೆ ಬಿಸಿ ಮಾಡಿ ತಂದು, ಆ ಒಡೆದ ಹಿಮ್ಮಡಿಗಳನ್ನು ಮಡಿಲಿಗೆ ಎಳೆದುಕೊಂಡು, ಅಳುತ್ತಲೇ ತಿಕ್ಕಿದರು. ಅಮ್ಮ ಅಲ್ಲೇ ಕುಳಿತಲ್ಲಿ ನಿದ್ದೆ ಹೋದರು.

ಯಶೋಧರಾ ಅವರಿಗೆ ಸರ್ಕಾರ ವಿಶ್ರಾಂತಿ ಕೊಡುತ್ತಿದೆ, ಆದರೆ ಈ ಜಿಲ್ಲೆಯ ಹಳ್ಳಿರಸ್ತೆಗಳು ಕೊಡುವ ಹಾಗೆ ಕಾಣುತ್ತಿಲ್ಲ. ಕಿರಿಯ ಇಂಜಿನಿಯರುಗಳು ಈಗಾಗಲೇ ಅವರ ಮನೆಯ ವಿಳಾಸ ಬರೆದಿಟ್ಟುಕೊಂಡಿದ್ದಾರೆ, ಅವರೂ ಬೇಡವೆಂದಿಲ್ಲ. ಅವರ ಕಣ್ಣಿಗೆ ಒಳ್ಳೆಯ ನಿದ್ದೆ ಬರಲಿ, ನಿದ್ದೆಗೆ ಅಂಚಿಲ್ಲದ ಆ ದಾರಿಗಳು ಬರಲಿ. ಸುಳ್ಳಿಗೆ ಸಹಿ ಹಾಕದ ಆ ಕೈಗಳಿಗೂ, ಅದಕ್ಕಾಗಿ ಒಂದು ವರ್ಷ ಕಲ್ಲಿನ ಮೇಲೆ ನಡೆದ ಮಲ್ಲಿಗಮ್ಮನವರ ಕಾಲುಗಳಿಗೂ ನೂರು ವರ್ಷ ಆಯುಸ್ಸಿರಲಿ.